ಮನೆ ಬಾಗಿಲಿಗೆ ಬಂದ ದವಾಖಾನೆ

ಸ್ರವಂತಿಯ ಕಾಲುಂಗುರ ಆ ದಿನ ಬೆಳಿಗ್ಗೆ ಬೆರಳು ಬಿಟ್ಟು ಬರಲು ಒಲ್ಲೆನೆಂದಿತು. ಅತ್ತೆ ಬುಚ್ಚಮ್ಮ ಸೊಸೆಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಮೊದಲು ಸಾಬೂನು ಹಚ್ಚಿ ನೋಡಿದಳು, ಆಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ನೋಡಿದಳು, ಕಡೆಗೆ ರೇಷ್ಮೆ ಎಳೆ ಸುತ್ತಿ ಎಳೆದಾಗ ಉಂಗುರ ಜಾರಿ ನೆಲಕ್ಕೆ ಬಿತ್ತು. ಅದು ಕೂತಿದ್ದ ಕಡೆ ಬೆರಳಿನ ಸುತ್ತ ಗೆರೆ ಬಿದ್ದಿತ್ತು. ಮಿಕ್ಕ ಪಾದವೆಲ್ಲ ಬಾತುಕೊಂಡಿತ್ತು.

"ಅತ್ತೀ, ಒತ್ತಿದ್ರ ಕುಣಿ ಬೀಳಾಕತ್ತೈತಿ ನೋಡ್ರಿ" ಎಂದು ಸ್ರವಂತಿ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸಿದಳು.

"ಬೀಳ್ತೈತಿ ಬಿಡವಾ. ಎಂಟು ತಿಂಗಳು ತುಂಬಾಕ ಬಂತು. ಅದರಾಗ ದಿನಾ ಮಗ್ಗದ ಕುಣಿಯೊಳಗ ಕಾಲು ಇಳಿಬಿಟ್ಟು ಕೂಡ್ತಿ, ಬಾಯದ ಇನ್ನೇನು ಮಾಡ್ಯಾವು? ನಿನ್ನ ಗಂಡನ್ನ ಹಡಿಯೋ ಮುಂದ ನನ್ನ ಕಾಲು ನೋಡಿದ್ರ ನೀ ಹೆದರತಿದ್ದಿ" ಎಂದು ಬುಚ್ಚಮ್ಮ ನಕ್ಕಳು. ಸೊಸೆಯೂ ನಕ್ಕಳು.

ಮಲ್ಲಗುಟ್ಟದ ನೇಕಾರರ ಓಣಿಯಲ್ಲಿ ಇದು ಹೊಸ ಮಾತಲ್ಲ. ಗಡಿಯಾಚೆ ತೆಲುಗು ಸೀಮೆಯಲ್ಲಿ, ನಾರಾಯಣಪೇಟೆಯಿಂದ ಕೋಸಗಿಗೆ ಹೋಗುವ ರಸ್ತೆ ಬಿಟ್ಟು ಒಳಗೆ ಹೋದರೆ ಸಿಗುವ ಊರು ಅದು. ಮನೆಗೊಂದು ಮಗ್ಗ, ಮಗ್ಗದ ಕೆಳಗೊಂದು ಸೊಂಟದಾಳದ ಕುಣಿ. ನೇಯುವವರು ಅದರ ಅಂಚಿನಲ್ಲಿ ಕೂತು, ಕಾಲನ್ನು ಒಳಗೆ ಇಳಿಬಿಟ್ಟು ಹಲಗೆ ತುಳಿಯಬೇಕು. ಅಲ್ಲಿನ ಹೆಂಗಸರು ಬಸುರಿಯಿದ್ದಾಗ ಕಾಲು ಬಾತರೆ ಕುಣಿಯನ್ನು ಬಯ್ಯುತ್ತಾರೆ, ಬಿಸಿನೀರು ಹಾಕಿಕೊಳ್ಳುತ್ತಾರೆ, ಮರುದಿನ ಮತ್ತೆ ಅದೇ ಕುಣಿಗೆ ಇಳಿಯುತ್ತಾರೆ. ಯಾರೂ ಅದನ್ನು ರೋಗ ಎಂದು ಎಣಿಸಿದವರಲ್ಲ.

ಹಾಗಂತ ಬುಚ್ಚಮ್ಮ ಸೊಸೆಯನ್ನು ಕಡೆಗಣಿಸಿದವಳೂ ಅಲ್ಲ. ಮಕ್ತಲ್ ಕಡೆಯಿಂದ ಬಂದ ಆ ಹುಡುಗಿಯನ್ನು ಕಂಡರೆ ಅವಳಿಗೆ ಜೀವ. ಎರಡು ಸಲ ಬಸಿರು ನಿಲ್ಲದೆ ಹೋಗಿ, ಮೂರನೆಯದು ಇಷ್ಟು ದೂರ ಬಂದಿತ್ತು. ಈ ಕೂಸು ಕೈಗೆ ಬರಲಿ ಎಂದು ಅವಳು ಬೇಡದ ದೇವರಿಲ್ಲ. ಊರಿಗೆ ವಾರಕ್ಕೊಮ್ಮೆ ಬರುವ ಸಿಸ್ಟರಮ್ಮನ ಹತ್ತಿರ ಸ್ರವಂತಿಯನ್ನು ತಾನೇ ಕರೆದುಕೊಂಡು ಹೋಗಿದ್ದಳು. ಸಿಸ್ಟರಮ್ಮ ಕಾಲು ಒತ್ತಿ ನೋಡಿ ಮುಖ ಸಣ್ಣದು ಮಾಡಿದ್ದಳು.

"ಬಿಪಿ ನೋಡ್ಬೇಕಿತ್ತಮ್ಮ. ನನ್ನ ಮಶೀನು ಕೆಟ್ಟು ಕುಂತೈತಿ, ಬ್ಯಾರೆದು ಕೊಡ್ರಿ ಅಂತ ಕೇಳಿ ಕೇಳಿ ಸಾಕಾಗೈತಿ. ಮಂಡಲದ ದವಾಖಾನಿಗೆ ಜಲ್ದಿ ಹೋಗಿ ತೋರ್ಸ್ರಿ, ತಡಾ ಮಾಡ್ಬ್ಯಾಡ್ರಿ."

ಸುತ್ತಿನ ಹಳ್ಳಿಗಳಿಗೆಲ್ಲ ಇದ್ದ ಆ ಒಂದು ಮಂಡಲದ ದವಾಖಾನೆಗೆ ಹೋಗುವುದೆಂದರೆ ಸುಲಭವೇ? ರಸ್ತೆಯವರೆಗೆ ನಡೆಯಬೇಕು, ಬಸ್ಸಿಗೆ ಕಾಯಬೇಕು, ಅಲ್ಲಿ ಹೋದ ಮೇಲೆ ಡಾಕ್ಟರು ಇದ್ದಾರೋ ಇಲ್ಲವೋ ದೇವರಿಗೇ ಗೊತ್ತು. ಹೋದವರು ಅರ್ಧಕ್ಕರ್ಧ ಮಂದಿ ಹೋದ ಹಾಗೆಯೇ ತಿರುಗಿ ಬರುತ್ತಿದ್ದರು. ಆದರೂ ಬುಚ್ಚಮ್ಮ ಹೊರಟಿದ್ದಳು. ಬುತ್ತಿ ಕಟ್ಟಿ, ಸೊಸೆಗೆ ಒಳ್ಳೆಯ ಸೀರೆ ಉಡಿಸಿ ಹೊಸ್ತಿಲು ದಾಟುವಾಗ ರಾಘಣ್ಣ ಎದುರಿಗೆ ಬಂದರು.

ರಾಘಣ್ಣ ಊರಿನ ಮಠದ ಪೂಜೆಯ ಮನೆತನದವರು. ತಹಸೀಲು ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅಧಿಕಾರಿಗಳ ಪರಿಚಯ, ರಾಯಚೂರು, ಮಂತ್ರಾಲಯದವರೆಗೂ ನೆಂಟಸ್ತಿಕೆ, ಊರಿಗೆ ಏನಾದರೂ ಮಾಡಬೇಕೆಂಬ ಹುರುಪು, ಮೂರೂ ಇದ್ದವು. ಮನುಷ್ಯ ಕೆಟ್ಟವರಲ್ಲ. ಈ ಮಾತನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಅದನ್ನು ನಂಬುವುದು ಕಷ್ಟವಾಗುತ್ತದೆ.

"ಎಲ್ಲಿಗ ಹೊಂಟ್ರಿ ಬುಚ್ಚಮ್ಮ? ದವಾಖಾನಿಗೇನು? ಬಿಸಲಾಗ ಬಸರಿ ಹುಡಿಗಿನ್ನ ಯಾಕ ಎಳದಾಡ್ತೀರಿ? ಗುರುವಾರ ದವಾಖಾನಿನ ನಿಮ್ಮ ಮನಿ ಬಾಗಲಿಗೆ ಬರಾಕತ್ತೈತಿ. ನೇಕಾರ್ರ ಆರೋಗ್ಯ ಶಿಬಿರ. ಡಾಕ್ಟರ್ ಬರತಾರ, ಮಶೀನು ಬರತಾವ, ಔಷಧ ಬರತೈತಿ. ಆರು ತಿಂಗಳು ಎಲ್ಲಾರ ಕಾಲು ಹಿಡದು ಮಂಜೂರ್ ಮಾಡಿಸೀನಿ."

"ಖರೇನ ರಾಘಣ್ಣೋರ?"

"ಚಪ್ಪರ ಹಾಕೂದು ನಿಮ್ಮ ಮನಿ ಮುಂದಿನ ಬಯಲಾಗ. ಇನ್ನೇನು ಬೇಕು?"

ಬುಚ್ಚಮ್ಮ ಬುತ್ತಿ ಬಿಚ್ಚಿ ಒಳಗಿಟ್ಟಳು. ಬಾಗಿಲಿಗೆ ಬರುವ ಡಾಕ್ಟರನ್ನು ಬಿಟ್ಟು ಊರೂರು ಅಲೆಯುವ ದಡ್ಡತನ ಯಾರು ಮಾಡುತ್ತಾರೆ? ಸ್ರವಂತಿ ಒಳ್ಳೆಯ ಸೀರೆ ಬಿಚ್ಚಿ ಹಳೆಯದು ಉಟ್ಟು ಮಗ್ಗಕ್ಕೆ ಕೂತಳು.

ಬುಧವಾರ ಸಂಜೆ ರಾಘಣ್ಣ ಮತ್ತೆ ಬಂದರು. ಬಯಲಿನಲ್ಲಿ ಆಗಲೇ ಚಪ್ಪರದ ಕಂಬಗಳು ನಿಂತಿದ್ದವು. ಅಲ್ಲಿಂದ ನೋಡಿದರೆ ಬುಚ್ಚಮ್ಮನ ಪಡಸಾಲೆಯ ಮಗ್ಗ ಎದುರಿಗೇ ಕಾಣುತ್ತಿತ್ತು. ಅದನ್ನು ನೋಡಿಯೇ ಅವರಿಗೆ ಒಂದು ಯೋಚನೆ ಹೊಳೆದಿತ್ತು.

"ದೊಡ್ಡ ಅಧಿಕಾರಿಗಳು, ಲೀಡರ್ಸು ಬರತಾರ. ಅವರ ಮನಿಯೋರೂ ಬರತಾರ. ನಾರಾಯಣಪೇಟೆ ಸೀರಿ ಹ್ಯಾಂಗ ನೇಯ್ತಾರ ಅಂತ ನೋಡ್ಬೇಕಂತ ಆಸೆ ಅವರಿಗೆ. ನಿಮ್ಮ ಸೊಸಿ ಕೈ ಊರಿಗೇ ಗೊತ್ತೈತಿ. ಅವರು ಬಂದಾಗ ಮಗ್ಗದ ಮ್ಯಾಲ ಕೂತು ಜರಾ ನೇಯ್ದು ತೋರ್ಸಿದ್ರ ಊರಿಗೇ ಮಾನ."

ಬುಚ್ಚಮ್ಮನ ಎದೆ ಉಬ್ಬಿತು. ಓಣಿಯಲ್ಲಿ ಇಷ್ಟು ಮಗ್ಗಗಳಿರುವಾಗ ತಮ್ಮ ಮನೆಯದೇ ಮಗ್ಗ, ತನ್ನದೇ ಸೊಸೆ! ಅವಳು ರಾತ್ರಿಯೇ ಪಡಸಾಲೆ ಸಾರಿಸಿದಳು. ಮಗ ಬಾಲರಾಜ ಮಾತ್ರ, "ಯವ್ವಾ, ಅಕಿಗೆ ತಲಿ ನೋಯಾಕತ್ತೈತಿ ಅಂತಾಳ. ಮೊದ್ಲು ಡಾಕ್ಟರಿಗೆ ತೋರಿಸಾಣ, ನೇಯೋದು ಆಮ್ಯಾಲ ನೋಡಾಣ" ಅಂದ.

"ಡಾಕ್ಟರ್ ಎಲ್ಲಿ ಓಡಿ ಹೋಗ್ತಾರೋ? ಮನಿ ಮುಂದ ಇರ್ತಾರ. ಎದ್ದು ಹತ್ತು ಮಾರು ನಡದ್ರ ಆತು" ಎಂದು ಅವಳು ಮಗನ ಬಾಯಿ ಮುಚ್ಚಿಸಿದಳು.

ಗುರುವಾರ ಬಂತು. ಹತ್ತಕ್ಕೆ ಎಂದವರು ಬಂದಾಗ ಹನ್ನೆರಡಾಗಿತ್ತು. ಮೈಕು, ಹಾರ, ಶಾಲು, ಒಬ್ಬರಾದ ಮೇಲೆ ಒಬ್ಬರ ಭಾಷಣ. ನೇಕಾರರ ಆರೋಗ್ಯವೇ ನಾಡಿನ ಭಾಗ್ಯ ಎಂದು ಒಬ್ಬರು ತೆಲುಗಿನಲ್ಲಿ ಹೇಳಿದ್ದನ್ನೇ ಇನ್ನೊಬ್ಬರು ಕನ್ನಡದಲ್ಲಿ ಹೇಳಿದರು. ಭಾಷಣ ಮುಗಿದ ಮೇಲೆ ಡಾಕ್ಟರ ಮೇಜಿನ ಮುಂದಿನ ಕುರ್ಚಿಗಳಲ್ಲಿ ಮೊದಲು ಕೂತವರು ಯಾರು? ಬಂದ ಅತಿಥಿಗಳು, ಅವರ ಜೊತೆಯವರು, ರಾಘಣ್ಣನವರ ಹೆಂಡತಿ ಇಂದಿರಾಬಾಯಿ. ಅವರೆಲ್ಲ ತಿಂಗಳು ತಿಂಗಳು ಹೈದರಾಬಾದಿನಲ್ಲಿ ತೋರಿಸಿಕೊಳ್ಳುವವರು. ಹೇಗೂ ಬಂದಿದ್ದೇವೆ, ಬಿಪಿ ಒಂದು ನೋಡಿಬಿಡಿ, ಸಕ್ಕರೆ ಒಂದು ನೋಡಿಬಿಡಿ ಎಂದು ತೋಳು ಚಾಚಿದರು. ಓಣಿಯ ನೇಕಾರರು ಬಿಸಿಲಿನಲ್ಲಿ ಸಾಲು ನಿಂತರು.

ಸ್ರವಂತಿ ಮಗ್ಗದಲ್ಲಿ ಕೂತಿದ್ದಳು. ಹೊಸ ಸೀರೆ, ಮುಡಿ ತುಂಬ ಮಲ್ಲಿಗೆ. ಅತಿಥಿಗಳ ಮನೆಯ ಹೆಂಗಸರು ಬಂದು ಸುತ್ತ ನಿಂತು, ಲಾಳಿ ಅತ್ತಿತ್ತ ಓಡುವುದನ್ನು ನೋಡಿ ಬೆರಗಾದರು. ಫೋನು ಹಿಡಿದರು. ಅಮ್ಮಾ, ಸ್ವಲ್ಪ ನಗು ಅಂದರು. ಅವಳು ನಕ್ಕಳು. ಡಾಕ್ಟರ್ ನರೇಂದರ್ ಕೂಡ ನಡುವೆ ಎದ್ದು ಬಂದರು. ಗದ್ವಾಲದ ಹುಡುಗ, ವಯಸ್ಸು ಇನ್ನೂ ಮೂವತ್ತರ ಆಚೆ ಈಚೆ. "ನಮ್ಮ ಕಡೆನೂ ನೇಯ್ತಾರ, ಆದ್ರ ಈ ಅಂಚಿನ ಕೆಲಸ ಬ್ಯಾರೆನ ಐತಿ" ಎಂದು ಬಗ್ಗಿ ಅಂಚನ್ನು ಮುಟ್ಟಿ ನೋಡಿ, ಒಂದು ಫೋಟೋ ತೆಗೆದುಕೊಂಡರು. ಅವಳ ಪಕ್ಕದಲ್ಲಿಯೇ ನಿಂತಿದ್ದರು. ಬಾತ ಕಾಲು ಕುಣಿಯೊಳಗಿತ್ತು. ಮೇಲಿನಿಂದ ನೋಡಿದವರಿಗೆ ಕಂಡದ್ದು ಮಲ್ಲಿಗೆ ಮುಡಿದ, ನಗುವ, ಚೆಂದ ನೇಯುವ ಹುಡುಗಿ.

ಡಾಕ್ಟರು ಚಪ್ಪರಕ್ಕೆ ಮರಳಿದ ಮೇಲೆ ಸ್ರವಂತಿ ಅತ್ತೆಯ ಸೆರಗು ಹಿಡಿದಳು. "ಅತ್ತೀ, ತಲಿ ಸಿಡ್ಯಾಕತ್ತೈತ್ರಿ. ಡಾಕ್ಟರಿಗೆ ಒಂದು ಮಾತು ಹೇಳ್ರಿ."

ಬುಚ್ಚಮ್ಮ ಹೋಗಿ ರಾಘಣ್ಣನಿಗೆ ಹೇಳಿದಳು. ರಾಘಣ್ಣನ ಹಣೆಯ ಮೇಲೆ ಬೆವರು ಹರಿಯುತ್ತಿತ್ತು. ಅತಿಥಿಗಳ ಊಟ, ಮಜ್ಜಿಗೆ, ಶಾಲು ಎಲ್ಲ ಅವರ ತಲೆಯ ಮೇಲೆ. "ಆಗಲಿ ಬುಚ್ಚಮ್ಮ, ಆಗಲಿ. ಇನ್ನೊಂದು ಗಾಡಿ ಮಂದಿ ಬರಾಕತ್ತಾರ, ಅವರೂ ಮಗ್ಗ ನೋಡಿಬಿಡ್ಲಿ. ಎಲ್ಲಾರೂ ಹೋದ ಮ್ಯಾಲ ಆರಾಮಾಗಿ ಡಾಕ್ಟರ್ನ ನಿಮ್ಮ ಪಡಸಾಲಿಗೇ ಕರಕೊಂಡು ಬರತೀನಿ."

ಪಡಸಾಲೆಗೇ ಬರುತ್ತಾರಂತೆ ಎಂದು ಅವಳು ಸೊಸೆಗೆ ಸಮಾಧಾನ ಹೇಳಿದಳು. ಆ ಇನ್ನೊಂದು ಗಾಡಿ ಬಂತು, ಮಗ್ಗ ನೋಡಿತು, ಹೋಯಿತು. ಅದರ ಹಿಂದೆಯೇ ಡಾಕ್ಟರ ಜೀಪೂ ಹೊರಟಿತು. ಮಧ್ಯಾಹ್ನದ ಮೇಲೆ ಅವರಿಗೆ ಇನ್ನೊಂದು ಊರಿನಲ್ಲಿ ಶಿಬಿರವಿತ್ತು. ಬುಚ್ಚಮ್ಮ ಜೀಪಿನ ಹಿಂದೆ ಓಡಿದಳು. ಡಾಕ್ಟರು ಕಿಟಕಿಯಿಂದ ತಲೆ ಹೊರಹಾಕಿ, "ಸೋಮವಾರ ದವಾಖಾನಿಗೆ ಬರ್ರಿ ಅಮ್ಮ, ನೋಡ್ತೀನಿ" ಅಂದರು. ಸಾಲಿನಲ್ಲಿ ಉಳಿದವರು ಕೈಗೆ ಸಿಕ್ಕ ಮಾತ್ರೆಯ ಪೊಟ್ಟಣ ಹಿಡಿದು ಮನೆಗೆ ಹೋದರು.

ಸೋಮವಾರ ಯಾಕೆ ಹೋಗಲಿಲ್ಲ? ಆಮೇಲೆ ಬುಚ್ಚಮ್ಮ ತನ್ನನ್ನು ತಾನೇ ಎಷ್ಟು ಸಲ ಕೇಳಿಕೊಂಡಳೋ. ಬಂದ ಅತಿಥಿಗಳಲ್ಲಿ ಒಬ್ಬರ ಹೆಂಡತಿ ಮಗ್ಗದ ಮೇಲಿದ್ದ ಆ ಸೀರೆಯೇ ಬೇಕೆಂದು ಹಟ ಹಿಡಿದಿದ್ದಳು. ಬರುವ ವಾರ ಶುಕ್ರವಾರ ಅವರ ಮನೆಯಲ್ಲಿ ಶುಭಕಾರ್ಯ. ರಾಘಣ್ಣ ಆಗಲಿ ಎಂದು ಮಾತು ಕೊಟ್ಟುಬಿಟ್ಟಿದ್ದರು. ಸೀರೆ ಮುಗಿಸಿ ಮಗ್ಗ ಇಳಿದ ಮೇಲೆ ಹೋದರಾಯಿತು, ಅಲ್ಲಿಯವರೆಗೆ ಏನಾಗುತ್ತದೆ ಎಂದು ಬುಚ್ಚಮ್ಮ ಅಂದಳು. ಅರ್ಧ ನೇಯ್ದ ಸೀರೆಯನ್ನು ಬಿಟ್ಟು ಏಳುವುದು ಅವಳ ಕೈಗೆ ಒಗ್ಗದ ಕೆಲಸ. ಹುಟ್ಟಿದಾಗಿನಿಂದ ಬಂದ ಚಾಳಿ ಅದು.

ಮಂಗಳವಾರ ಬುಚ್ಚಮ್ಮ ಸೊಸೆ ನೇಯ್ದದ್ದನ್ನು ನೋಡಲು ಬಗ್ಗಿದಾಗ ಅಂಚಿನ ಗೋಪುರದ ಚಿತ್ತಾರಗಳು ಒಂದರ ಮೇಲೊಂದು ಬಿದ್ದಿದ್ದವು. ಸ್ರವಂತಿಯ ಕೈಯಲ್ಲಿ ಅಂಥ ತಪ್ಪು ಎಂದೂ ಆದದ್ದಿಲ್ಲ.

"ಏನವಾ ಇದು? ಕಣ್ಣು ಎಲ್ಲಿಟ್ಟಿದ್ದಿ? ದೊಡ್ಡೋರ ಮನಿಗೆ ಹೋಗೋ ಸೀರಿ ಇದು, ನಮ್ಮ ಮಾನ ಕಳಿಯಾಕ ನಿಂತೀಯೇನು?"

"ಎಳಿ ಎರಡೆರಡು ಕಾಣಾಕತ್ತಾವ್ರಿ ಅತ್ತೀ. ಕಣ್ಣ ಮುಂದ ಮಿಣಿಮಿಣಿ ಅಂತೈತಿ."

"ರಾತ್ರಿ ನಿದ್ದಿ ಬಂದಿಲ್ಲ, ಅದಕ್ಕ. ಹರಳೆಣ್ಣಿ ತಲಿಗೆ ಇಟ್ಟಕೋ. ಇಷ್ಟು ಬಿಚ್ಚಿ ಮತ್ತ ನೇಯಿ."

ಹುಡುಗಿ ಬೆರಳಿನ ತುದಿಯಿಂದ ಒಂದೊಂದೇ ಎಳೆ ಬಿಚ್ಚುತ್ತ ಕೂತಳು. ನೇಕಾರರ ಮನೆಯಲ್ಲಿ ಅಂಚು ಕೆಟ್ಟರೆ ಕೈಯನ್ನು ಬಯ್ಯುತ್ತಾರೆ, ಲಕ್ಷ್ಯ ಇಲ್ಲವೆಂದು ಬಯ್ಯುತ್ತಾರೆ. ಅಂಚು ಕೆಟ್ಟರೆ ನೇಯುವವಳ ಜೀವ ಕೆಡುತ್ತಿದೆ ಎಂದು ತಿಳಿಯಬೇಕೆಂದು ಬುಚ್ಚಮ್ಮನಿಗೆ ಯಾರು ಕಲಿಸಿದ್ದರು? ಕಲಿಸಬೇಕಾದವರು ಶಾಲು ಹೊದ್ದು ಹೋಗಿದ್ದರು.

ಬುಧವಾರ ಬೆಳಿಗ್ಗೆ ಬುಚ್ಚಮ್ಮ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಪಡಸಾಲೆಯಲ್ಲಿ ಮಗ್ಗದ ಸಪ್ಪಳ ನಿಂತಿತು.

"ಯಾಕ ನಿಂದರ್ಸಿದಿ? ಶುಕ್ರವಾರಕ್ಕ ಆಗ್ಬೇಕವಾ ಅದು!" ಎಂದು ಅಲ್ಲಿಂದಲೇ ಕೂಗಿದಳು.

ಉತ್ತರ ಬರಲಿಲ್ಲ. ಹೋಗಿ ನೋಡಿದರೆ ಸ್ರವಂತಿ ಮಗ್ಗಕ್ಕೆ ಬಿಗಿದ ಹಾಸಿನ ಎಳೆಗಳ ಮೇಲೆ ಬಿದ್ದಿದ್ದಳು. ಕಣ್ಣು ಮೇಲೆ ಹೋಗಿತ್ತು, ಹಲ್ಲು ಕಚ್ಚಿಕೊಂಡಿತ್ತು, ಮೈಯೆಲ್ಲ ಸೆಟೆದು ಸೆಟೆದು ಬೀಳುತ್ತಿತ್ತು. ಕುಣಿಯಿಂದ ಅವಳನ್ನು ಎತ್ತಲು ಬಾಲರಾಜನಿಗೆ ಆಗಲಿಲ್ಲ. ಪಕ್ಕದ ಮನೆಯವರು ಬಂದರು. ಫೋನು ಮಾಡಿದರು. ಆಂಬುಲೆನ್ಸು ಬರುವಷ್ಟರಲ್ಲಿ ಬುಚ್ಚಮ್ಮ ಸೊಸೆಯ ಕಾಲು ತಿಕ್ಕುತ್ತ, "ಏಳ ನನ್ನವ್ವಾ, ಸೀರಿ ಹಾಳಾಗಿ ಹೋಗ್ಲಿ, ನೀ ಏಳು" ಎಂದು ಒಂದೇ ಸಮನೆ ಹೇಳುತ್ತಿದ್ದಳು.

ಮಂಡಲದ ದವಾಖಾನೆಯ ಬಾಗಿಲಲ್ಲಿ ಜವಾನ ಕುರುಮಯ್ಯ ಕೈ ಆಡಿಸಿದ. ಡಾಕ್ಟರ್ ಸಾರ್ ಇಲ್ಲ, ಗುಂಡುಮಾಲ್ ಕಡೆ ಶಿಬಿರಕ್ಕೆ ಹೋಗಿದ್ದಾರೆ. ನರ್ಸು ಓಡಿ ಬಂದು ಗಾಡಿಯಲ್ಲಿಯೇ ಒಂದು ಸೂಜಿ ಹಾಕಿ, ಇಲ್ಲಿ ಆಗುವುದಿಲ್ಲ, ಜಿಲ್ಲೆಯ ದೊಡ್ಡ ದವಾಖಾನೆಗೆ ಓಡಿಸಿ ಅಂದಳು. ದವಾಖಾನೆಯ ಗೋಡೆಗೆ ಹೊಸ ಬ್ಯಾನರು ಕಟ್ಟಿದ್ದರು. ಅದರ ತುಂಬ ಸ್ರವಂತಿಯ ಫೋಟೋ. ಮಲ್ಲಿಗೆ ಮುಡಿದು ಮಗ್ಗದಲ್ಲಿ ಕೂತು ನಗುತ್ತಿದ್ದಳು. ಬಾಲರಾಜ ಅದನ್ನು ನೋಡಿ ತಲೆ ತಗ್ಗಿಸಿದ.

ದೊಡ್ಡ ದವಾಖಾನೆಯಲ್ಲಿ ಡಾಕ್ಟರಮ್ಮ ಹೊರಗೆ ಬಂದು ಕೇಳಿದ್ದು ಒಂದೇ ಮಾತು: "ಈಕೆಗೆ ಬಿಪಿ ಕಡೀ ಸಲ ಯಾವಾಗ ನೋಡಿದ್ರು?"

ಹೆಣ್ಣು ಕೂಸು ಹೊಟ್ಟೆಯಲ್ಲಿಯೇ ಹೋಗಿತ್ತು. ಬಟ್ಟೆಯಲ್ಲಿ ಸುತ್ತಿ ಬುಚ್ಚಮ್ಮನ ಕೈಗೆ ಕೊಟ್ಟರು. ತಲೆ ತುಂಬ ಕೂದಲು, ತಾಯಿಯದೇ ಮೂಗು. ತಾಯಿಯನ್ನು ಉಳಿಸಿಕೊಟ್ಟದ್ದೇ ದೊಡ್ಡದು ಎಂದರು ಅಲ್ಲಿದ್ದವರು. ದೊಡ್ಡದು ಹೌದು. ಆದರೆ ಆ ಪುಟ್ಟ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಊರಿಗೆ ಬಂದವಳಿಗೆ ಅದು ಆ ದಿನ ಹೇಗೆ ತಿಳಿಯಬೇಕು?

ಸ್ರವಂತಿ ಮನೆಗೆ ಬಂದ ಮೇಲೆ ರಾಘಣ್ಣ ನೋಡಲು ಬಂದರು. ಹೊರಗೆ ಕಟ್ಟೆಯ ಮೇಲೆ ಕೂತರು.

"ದೈವೇಚ್ಛಾ ಬುಚ್ಚಮ್ಮ. ನಮ್ಮ ಕೈಯಾಗ ಏನೈತಿ?"

ಬುಚ್ಚಮ್ಮ ಸಿಡಿದಳು. "ದೇವರ ಮ್ಯಾಲ ಹಾಕಬ್ಯಾಡ್ರಿ ರಾಘಣ್ಣೋರ. ದೇವರು ಡಾಕ್ಟರ್ನ ನಮ್ಮ ಬಾಗಲಿಗೆ ಕಳಿಸಿದ್ದ. ನಾನೂ ನೀವೂ ಕೂಡಿ ಸೊಸಿನ್ನ ಮಗ್ಗಕ್ಕ ಕುಂದ್ರಿಸಿದ್ವಿ."

"ನಾ ಊರಿಗೆ ಒಳ್ಳೇದಾಗ್ಲಿ ಅಂತ ತಿರುಗಿದ್ನವಾ. ಅವರಿಗೆ ಮರ್ಯಾದಿ ಮಾಡದಿದ್ರ ಮುಂದಿನ ಸಲ ಬರಂಗಿಲ್ಲ. ಬಂದೋರ್ನ ಖುಷಿ ಮಾಡ್ಬೇಕು, ಆವಾಗ ಊರಿಗೆ ಏನರ ಸಿಗ್ತೈತಿ. ನಲವತ್ತು ವರ್ಷ ಕಚೇರ್ಯಾಗ ನಾ ಕಲ್ತದ್ದು ಇದೊಂದ."

"ಅವರು ಖುಷಿ ಆಗಿ ಹೋದ್ರು ಬಿಡ್ರಿ" ಅಂದಳು ಬುಚ್ಚಮ್ಮ. ರಾಘಣ್ಣ ಎದ್ದು ಹೋದರು. ಅವರ ಕಣ್ಣಲ್ಲಿ ನೀರಿತ್ತು, ಅದನ್ನೂ ಹೇಳಬೇಕು.

ಆದರೆ ಬುಚ್ಚಮ್ಮನನ್ನು ಸುಟ್ಟದ್ದು ರಾಘಣ್ಣನ ಮಾತಲ್ಲ, ಸೊಸೆಯ ಮಾತು. ಒಂದು ಮಧ್ಯಾಹ್ನ ಸ್ರವಂತಿ ಗೋಡೆಗೆ ಒರಗಿ ಕೂತು, ಯಾರ ಮೇಲೂ ಸಿಟ್ಟಿಲ್ಲದ ದನಿಯಲ್ಲಿ, "ನಾನ ಎದ್ದು ಹೋಗ್ಬೇಕಿತ್ರಿ ಅತ್ತೀ. ಅಷ್ಟು ಸಮೀಪ ಇದ್ರು" ಅಂದಳು. ಅಯ್ಯೋ, ಬೈದಿದ್ದರೂ ಆಗುತ್ತಿತ್ತು! ತಪ್ಪನ್ನೂ ತಾನೇ ಹೊತ್ತುಕೊಂಡಳಲ್ಲ ಈ ಹುಡುಗಿ ಎಂದು ಬುಚ್ಚಮ್ಮ ಎದ್ದು ಒಳಗೆ ಹೋದಳು. ಅಳಲು ನೋಡಿದಳು, ಅಳು ಬರಲಿಲ್ಲ.

ಎರಡು ಮನೆ ಆಚೆ ರಜಿನಿ ಎಂಬ ಹುಡುಗಿಯಿದ್ದಳು. ಚೊಚ್ಚಲ ಬಸುರಿ, ಏಳು ತಿಂಗಳು. ಒಂದು ದಿನ ಬುಚ್ಚಮ್ಮ ಆ ಮನೆಗೆ ಹೋದಾಗ ರಜಿನಿ ಮಗ್ಗದಲ್ಲಿದ್ದಳು.

"ಮ್ಯಾಲ ಬಾ. ಕಾಲು ತೋರ್ಸು" ಅಂದಳು ಬುಚ್ಚಮ್ಮ.

ರಜಿನಿಯ ಅತ್ತೆ ಮೂಗು ಮುರಿದಳು. "ಕುಣಿಯೊಳಗ ಕುಂತೋರಿಗೆ ಕಾಲು ಬಾಯೂದ ಇಲ್ಲೇನು ಬುಚ್ಚಕ್ಕಾ? ನಿನಗೊಂದು ಆತಂತ ಎಲ್ಲಾರಿಗೂ ಆಗ್ತೈತೇನು? ಹಾಸು ಅರ್ಧಕ್ಕ ನಿಂತೈತಿ ನಮ್ದು."

"ಬೈಯವಾ, ಎಷ್ಟರ ಬೈ. ನಾಳಿ ಇಡೀ ದಿನ ನಿಮ್ಮ ಮಗ್ಗ ನಾ ನೇಯ್ತೀನಿ. ಇವತ್ತು ಇಕಿನ್ನ ನನ್ನ ಕೂಡ ಕಳಸು" ಎಂದು ಬುಚ್ಚಮ್ಮ ಹುಡುಗಿಯ ರಟ್ಟೆ ಹಿಡಿದು ಎಬ್ಬಿಸಿದಳು. ಅವಳ ಮುಖ ನೋಡಿ ಆ ಅತ್ತೆ ದಾರಿ ಬಿಟ್ಟಳು.

ದವಾಖಾನೆಯ ಬಾಗಿಲಲ್ಲಿ ಮತ್ತದೇ ಕುರುಮಯ್ಯ, ಮತ್ತದೇ ಕೈ. "ಸಾರ್ ಲೇರು. ಸೋಮವಾರಂ ರಾ" ಎಂದ ತೆಲುಗಿನಲ್ಲಿ. ಡಾಕ್ಟರಿಲ್ಲ, ಸೋಮವಾರ ಬಾ.

"ಡಾಕ್ಟರ್ ಇಲ್ದಿದ್ರ ಇಲ್ಲ. ಬಿಪಿ ನೋಡೋ ಮಶೀನರ ಐತಿಲ್ಲ? ನರ್ಸಮ್ಮ ನೋಡ್ಲಿ."

"ಅದೂ ಶಿಬಿರಕ್ಕ ಹೋಗೈತಮ್ಮ. ಚಲೋ ಇದ್ದದ್ದು ಅದೊಂದ."

ಬುಚ್ಚಮ್ಮ ಸೆರಗು ಸೊಂಟಕ್ಕೆ ಸಿಗಿಸಿ, ದವಾಖಾನೆಯ ಹೊಸ್ತಿಲ ಮೇಲೆ ಅಡ್ಡಲಾಗಿ ಕೂತುಬಿಟ್ಟಳು. ಕುರುಮಯ್ಯ ಬೈದ, ಗದರಿಸಿದ, ಪೊಲೀಸರನ್ನು ಕರೆಯುತ್ತೇನೆ ಅಂದ. ಕರಿ ಹೋಗು ಎಂದಳು ಬುಚ್ಚಮ್ಮ. ರಜಿನಿ ಪಾಪ, ನಾಚಿಕೆಯಿಂದ ಮುದ್ದೆಯಾಗಿ, "ಹೋಗಾಣ ನಡಿ ದೊಡ್ಡವ್ವಾ, ಮಂದಿ ನೋಡಾಕತ್ತಾರ" ಎಂದು ಗೋಗರೆದಳು.

"ನೋಡ್ಲಿ. ನಮ್ಮನ್ನ ನೋಡಾಕ ಮಂದಿ ಕರೆಯದನ ಬರ್ತಾರ" ಅಂದಳು ಬುಚ್ಚಮ್ಮ.

ಹೊತ್ತು ಇಳಿಮುಖವಾದಾಗ ಜೀಪು ಬಂತು. ಡಾಕ್ಟರ್ ನರೇಂದರ್ ಇಳಿದರು. ಅಂಗಿ ಬೆವರಿಗೆ ಅಂಟಿತ್ತು, ಕೈಯಲ್ಲಿ ಯಾರೋ ಹಾಕಿದ ಚೆಂಡುಹೂವಿನ ಹಾರವಿತ್ತು. ಹೊಸ್ತಿಲ ಮೇಲೆ ಕೂತವಳನ್ನು ಕಂಡು ದಣಿವಿನಿಂದ, "ಏನಮ್ಮ ಇದು? ಮುಂಜಾನೆಯಿಂದ ನೀರು ಸೈತ ಕುಡದಿಲ್ಲ ನಾನು. ಉಂಡು ಬರತೀನಿ, ಕೂಡ್ರಿ" ಅಂದರು.

"ಮೊದ್ಲು ಇಕಿ ಕೈ ಹಿಡದು ನೋಡ್ರಿ ಸಾರ್. ಆಮ್ಯಾಲ ಉಣ್ರಿ. ಕೈ ಮುಗೀತೀನಿ."

ಡಾಕ್ಟರು ನಿಟ್ಟುಸಿರು ಬಿಟ್ಟು ಹಾರವನ್ನು ಮೇಜಿನ ಮೇಲೆ ಎಸೆದರು. ರಜಿನಿಯನ್ನು ಕುರ್ಚಿಯಲ್ಲಿ ಕೂರಿಸಿ, ಚೀಲದಿಂದ ಮಶೀನು ತೆಗೆದು ತೋಳಿಗೆ ಪಟ್ಟಿ ಸುತ್ತಿದರು. ಗುಂಡಿ ಒತ್ತಿದರು. ಪಟ್ಟಿ ಉಬ್ಬಿತು, ಬಿಗಿಯಿತು, ಸುಯ್ ಎಂದು ಗಾಳಿ ಬಿಟ್ಟಿತು. ಡಾಕ್ಟರು ಅಂಕಿ ನೋಡಿದರು. "ಚಲೋ ಐತಿ. ಏನೂ ಚಿಂತಿಲ್ಲ. ಕಾಲು ಬಾವು ಸ್ವಲ್ಪ ಐತಿ, ತಿಂಗಳಿಗೆ ಎರಡು ಸಲ ಬಂದು ತೋರ್ಸ್ಬೇಕು."

ರಜಿನಿಯ ಮುಖ ಅರಳಿತು. ಬಾಗಿಲಲ್ಲಿದ್ದ ಕುರುಮಯ್ಯ, "ಇದಕ್ಕ ದಿನಾ ಪೂರಾ ಬಾಗಲಾ ಕಟ್ಟಿ ಕುಂತಿದ್ಯೇನು ಮುದುಕಿ?" ಎಂದು ಗೊಣಗಿದ.

ಬುಚ್ಚಮ್ಮ ಮಾತ್ರ ಆ ಪಟ್ಟಿಯನ್ನೇ ನೋಡುತ್ತಿದ್ದಳು. ಬಿಪಿ, ಬಿಪಿ ಎಂದು ಎಲ್ಲರ ಬಾಯಲ್ಲಿ ಕೇಳಿದ್ದಳೇ ಹೊರತು ಅದನ್ನು ನೋಡುವುದನ್ನು ಹತ್ತಿರದಿಂದ ಕಂಡಿರಲಿಲ್ಲ. ಶಿಬಿರದ ದಿನ ಮಜ್ಜಿಗೆ ಹಂಚುತ್ತಿದ್ದಳು. ದೊಡ್ಡ ದವಾಖಾನೆಯಲ್ಲಿ ಬಾಗಿಲು ಹಾಕಿಕೊಂಡಿದ್ದರು. ಏನೋ ದೊಡ್ಡ ಕೆಲಸವಿರಬೇಕು, ಹೊತ್ತು ಹಿಡಿಯುತ್ತದೆ, ಅದಕ್ಕೇ ಆ ದಿನ ಆಗಲಿಲ್ಲ ಎಂದು ಒಳಗೊಳಗೇ ನಂಬಿಕೊಂಡಿದ್ದಳು. ಆ ನಂಬಿಕೆಯೊಂದು ಅವಳಿಗೆ ಆಸರೆಯಾಗಿತ್ತು.

"ಮುಗೀತೇನ್ರಿ ಸಾರ್?"

"ಮುಗೀತಮ್ಮ."

"ಇಷ್ಟ ಏನ್ರೀ?"

"ಇಷ್ಟ."

"ನಾಕು ಸಲ ಲಾಳಿ ಒಗಿಯೋ ಹೊತ್ತು ಸೈತ ಆಗ್ಲಿಲ್ಲಲ್ರೀ!" ಕೂಸನ್ನು ಮಣ್ಣಿಗೆ ಕೊಟ್ಟ ದಿನ ಬಾರದಿದ್ದ ಅಳು ಈಗ ಬಂತು. ನೆಲದ ಮೇಲೆ ಕುಸಿದು ಕೂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಡಾಕ್ಟರು ಗಾಬರಿಯಾಗಿ ರಜಿನಿಯ ಕಡೆ ನೋಡಿದರು. ರಜಿನಿ ಮೆಲ್ಲನೆ ಹೇಳಿದಳು: "ನಿಮ್ಮ ಬ್ಯಾನರ್ ಮ್ಯಾಲ ಐತಲ್ರೀ ಫೋಟೋ, ಮಲ್ಲಗುಟ್ಟದ್ದು, ಮಗ್ಗದ ಮ್ಯಾಲ ಕುಂತಾಕಿ. ಅಕಿ ಇವರ ಸೊಸಿ. ಫಿಟ್ಸ್ ಬಂದು ಕೂಸು ಹೋತ್ರಿ."

"ನಾನು ಪಕ್ಕದಾಗ ನಿಂತಿದ್ದೆ" ಅಂದರು ನರೇಂದರ್. ಆಮೇಲೆ ಯಾರೂ ಕೇಳದಿದ್ದರೂ ಹೇಳತೊಡಗಿದರು: "ಎರಡು ಮಂಡಲಕ್ಕ ನಾನೊಬ್ಬ ಅಮ್ಮ. ಶಿಬಿರಕ್ಕ ಹೋಗದಿದ್ರ ಮ್ಯಾಲಿನೋರು ಮೆಮೋ ಕೊಡ್ತಾರ. ಹೋದ್ರ ಇಲ್ಲಿ ಬಾಗಲಾ ಹಾಕಿರ್ತೈತಿ. ನಾ ಏನು ಮಾಡ್ಲಿ, ನೀವ ಹೇಳ್ರಿ."

ಬುಚ್ಚಮ್ಮ ಕಣ್ಣೊರೆಸಿಕೊಂಡಳು. "ನಾ ಓದಿದಾಕಿ ಅಲ್ರಿ, ನಿಮಗೇನು ಹೇಳ್ಲಿ? ಅಕಿ ಅಲ್ಲೇ ಇದ್ಳು. ನೀವು ಸೀರಿ ಅಂಚು ಮುಟ್ಟಿ ನೋಡಿದ್ರಿ. ಅಕಿ ಕೈ ಮುಟ್ಟಿ ನೋಡ್ಲಿಲ್ಲ. ನಾನೂ ನೋಡ್ಲಿಲ್ಲ."

ಡಾಕ್ಟರು ಬಾಗಿಲ ಕಡೆ ತಿರುಗಿದರು. "ಕುರುಮಯ್ಯಾ, ನಾಳಿಂದ ಈ ಮಶೀನು ಶಿಬಿರಕ್ಕ ಬರಂಗಿಲ್ಲ. ನಾ ಇರ್ಲಿ ಬಿಡ್ಲಿ, ಇದು ನರ್ಸಮ್ಮನ ಮೇಜಿನ ಮ್ಯಾಲ ಇರ್ಬೇಕು. ಕೇಳಿದೋರಿಗೆ ನಾನ ಹೇಳ್ತೀನಿ."

ಕುರುಮಯ್ಯ ತಲೆಯಾಡಿಸಿದ. ಪಟ್ಟಿ ಬಿಚ್ಚಲು ಡಾಕ್ಟರು ಕೈ ಚಾಚಿದಾಗ ಬುಚ್ಚಮ್ಮ ಎದ್ದು ಹತ್ತಿರ ಬಂದಳು.

"ಬಿಚ್ಚಬ್ಯಾಡ್ರಿ. ಇನ್ನೊಂದ್ಸಲ ಮಾಡ್ರಿ ಸಾರ್. ಜರಾ ನೋಡ್ತೀನಿ."

ಅವರು ಪಟ್ಟಿಯನ್ನು ಸರಿಮಾಡಿ ಮತ್ತೆ ಗುಂಡಿ ಒತ್ತಿದರು. ಬುಚ್ಚಮ್ಮ ಬಗ್ಗಿ, ರೆಪ್ಪೆ ಬಡಿಯದೆ ನೋಡಿದಳು. ಪಟ್ಟಿ ಉಬ್ಬಿತು, ಬಿಗಿಯಿತು, ಗಾಳಿ ಬಿಟ್ಟಿತು. ಈ ಸಲವೂ ಅದು ಅಷ್ಟೇ ಹೊತ್ತಿನಲ್ಲಿ ಮುಗಿಯಿತು.